ಕೇಳದೆ ಕೊಯ್ದ ಅಲಸಂದೆ

ನಮ್ಮ ತಾರಸಿಯ ಬಾಗಿಲಿಗೆ ಹೋದ ವಾರದಿಂದ ಬೀಗ ಬಿದ್ದಿದೆ. ಬಂಗಾರದ ಗಂಟು ಅಡಗಿಸಿಟ್ಟಿದ್ದೇವೆಂದು ತಿಳಿಯಬೇಡಿ. ಮೇಲಿರುವುದು ಒಂದಷ್ಟು ಕುಂಡಗಳಲ್ಲಿ ಅಲಸಂದೆ ಬಳ್ಳಿ, ಅದು ಹಬ್ಬಲೆಂದು ಕಟ್ಟಿದ ನೈಲಾನ್ ಬಲೆ, ಮತ್ತೆ ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯಲ್ಲಿ ಕೂತು ನಮ್ಮ ಮನೆಯವರು ದಿನಾ ಬೆಳಿಗ್ಗೆ ಬಳ್ಳಿ ಬೆಳೆಯುವುದನ್ನು ನೋಡುತ್ತಾರೆ. ನೌಕರಿಯಲ್ಲಿದ್ದಷ್ಟು ಕಾಲ ತುಳಸಿ ಗಿಡಕ್ಕೂ ಒಂದು ತಂಬಿಗೆ ನೀರು ಹಾಕದ ಮನುಷ್ಯ, ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕೃಷಿಕರಾಗಿದ್ದಾರೆ. ಹುಳಿ ಮಜ್ಜಿಗೆಗೆ ಬೆಲ್ಲ ಕಲಸಿ ಬಳ್ಳಿಗೆ ಕುಡಿಸುತ್ತಾರೆ. ನಾನು ಜ್ವರ ಬಂದು ಮಲಗಿದಾಗ ಇಷ್ಟು ಉಪಚಾರ ನಡೆದ ನೆನಪಿಲ್ಲ.

ಬೀಗದ ಕಾರಣ ಸಣ್ಣದು. ಚಿತ್ತಾಕುಲದ ನಮ್ಮ ಮನೆಯ ಕೆಳಭಾಗದಲ್ಲಿ ಬಾಡಿಗೆಗಿರುವ ಹುಡುಗಿ ಬಟ್ಟೆ ಒಣಗಿಸಲು ಮೇಲೆ ಹೋದವಳು ಒಂದು ಹಿಡಿ ಅಲಸಂದೆ ಕೊಯ್ದುಕೊಂಡು ಇಳಿದಳು. ಸೆರಗಿನಲ್ಲಿ ಅಡಗಿಸಲೂ ಇಲ್ಲ. ಮೆಟ್ಟಿಲಲ್ಲಿ ಇವರಿಗೇ ಎದುರಾಗಿ, ನಕ್ಕು, ಇಳಿದು ಹೋದಳು. ಇವರು ಒಳಗೆ ಬಂದು ಕೂತವರು ಚಹಾ ಮುಟ್ಟಲಿಲ್ಲ.

“ಒಂದ್ ಮಾತು ಕೇಳೂಕೆ ಎಂತ ಆಗಿತ್ತು ಅವಳಿಗೆ?” ಎಂದರು. “ಕೇಳಿದ್ರೆ ನಾನೇ ಕೊಯ್ದು ಕೊಡ್ತಿರ್ಲಿಲ್ವ?”

ಯಾರು ಕೇಳಿದರೂ ನ್ಯಾಯದ ಮಾತೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇದೇ ಮಾತನ್ನು ನಾನು ಹಿಂದೊಮ್ಮೆ ಬೇರೊಂದು ಬಾಯಿಂದ ಕೇಳಿದ್ದೇನೆ, ಅದರಿಂದ ಏನಾಯಿತು ಎಂಬುದನ್ನೂ ಕಂಡಿದ್ದೇನೆ. ಇವರಿಗೆ ಹೇಳಹೊರಟರೆ “ಶುರುವಾಯ್ತು ನಿಮ್ಮ ಕಾಲೊನಿ ಪುರಾಣ” ಎಂದು ಕುರ್ಚಿಯ ಕಡೆ ಹೊರಡುತ್ತಾರೆ. ನಿಮಗೆ ಹಾಗೆ ಹೋಗಲು ತಾರಸಿಯಿಲ್ಲ, ಇದ್ದರೂ ಬೀಗವಿದೆ. ಕೂತು ಕೇಳಿ.

ನನ್ನ ತವರೂರು ಕಾರವಾರಕ್ಕೂ ಅಂಕೋಲೆಗೂ ನಡುವೆ, ಸಮುದ್ರದ ಬದಿಗೆ ಇತ್ತು. ಇತ್ತು ಎಂದೆ. ಈಗ ಅದು ನೌಕಾನೆಲೆಯ ಬೇಲಿಯ ಆಚೆ ಉಂಟು. ಅಲ್ಲಿ ನಮ್ಮ ಮನೆ ಇದ್ದ ಜಾಗದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ, ನೋಡಲು ಬಿಡುವವರೂ ಇಲ್ಲ. ಊರಿನ ಹೆಸರು ಹೇಳಿದರೆ ಈಗಿನ ಬಸ್ಸಿನ ಕಂಡಕ್ಟರ್ “ಅಂಥ ಸ್ಟಾಪಿಲ್ಲ” ಎನ್ನುತ್ತಾನೆ. ಹಾಗಾಗಿ ಹೆಸರು ಬೇಡ.

ಭತ್ತ ಕೊಯ್ದ ಗದ್ದೆಯನ್ನು ಸುಮ್ಮನೆ ಬಿಡುವುದು ನಮ್ಮಲ್ಲಿ ಇರಲಿಲ್ಲ. ದೀಪಾವಳಿ ಕಳೆದು ನೆಲ ಕಾಲಿಗೆ ಅಂಟುವುದು ನಿಂತ ಮೇಲೆ ಸಾಲು ತೆಗೆದು ಬದನೆ, ಹರಿವೆ, ಅಲಸಂದೆ ಹಾಕುತ್ತಿದ್ದರು. ಪೇಟೆಯಲ್ಲಿ ಬೀನ್ಸ್ ಎಂದು ಮಾರುವ ಗಿಡ್ಡ ಕೋಡು ನಮ್ಮದಲ್ಲ. ನಮ್ಮದು ಮೊಳದುದ್ದ ಜೋತುಬೀಳುವ ಬಳ್ಳಿ ಅಲಸಂದೆ. ತುದಿಯಲ್ಲಿ ಸ್ವಲ್ಪ ನೇರಳೆ ಬಣ್ಣ ಇರುತ್ತಿತ್ತು. ಬುಡಕ್ಕೆ ಸುಡುಮಣ್ಣು, ಒಲೆಯ ಬೂದಿ. ನೀರು ಗದ್ದೆಯ ಮೂಲೆಯ ಹೊಂಡದಿಂದ ಕೊಡದಲ್ಲಿ. ಬಳ್ಳಿ ಗೇಣುದ್ದವಾಗಿ ತಡಕಾಡಲು ಶುರುಮಾಡಿದಾಗ ಗಾಳಿಮರದ ಕೋಲು ಊರಿ, ಎರಡು ಸಾಲಿನ ಕೋಲುಗಳ ತುದಿ ಸೇರಿಸಿ ಕಟ್ಟುತ್ತಿದ್ದರು. ನಡುವೆ ಮಕ್ಕಳು ನುಸುಳುವಷ್ಟು ಸಂದಿ. ಅದರೊಳಗೆ ಕೂತು ಎಳೆ ಕೋಡನ್ನು ಹಸಿಯಾಗಿ ಉಪ್ಪು ಹಚ್ಚಿ ತಿನ್ನುವುದು ನಮ್ಮ ಕೆಲಸ. ಹಸಿ ಅಲಸಂದೆ ತಿಂದರೆ ಹೊಟ್ಟೆ ಸುಮ್ಮನಿರುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ನಮ್ಮ ಸಾಲಿನಿಂದ ಬರುತ್ತಿದ್ದ ಸದ್ದಿಗೆ ಮಾಸ್ತರರು ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕುತ್ತಿದ್ದರು. ನಾನು ಪಕ್ಕದವಳನ್ನು ನೋಡುತ್ತಿದ್ದೆ, ಪಕ್ಕದವಳು ನನ್ನನ್ನು.

ಗದ್ದೆಗಳ ನಡುವೆ ಹಾಳಿ, ಅಂದರೆ ಮಣ್ಣಿನ ಬದು ಇತ್ತು, ಬೇಲಿ ಇರಲಿಲ್ಲ. ಒಲೆಯ ಮೇಲೆ ಗಂಜಿಗೆ ಅಕ್ಕಿ ಬಿದ್ದ ಮೇಲೆಯೇ ಪಲ್ಯದ ಯೋಚನೆ. ಆಯಿ, ಅಂದರೆ ನನ್ನ ಅಮ್ಮ, ಒಳಗಿನಿಂದಲೇ ಕೂಗುತ್ತಿದ್ದಳು: “ಎಳೇದು ಎಲ್ಲುಂಟು ನೋಡಿ ಒಂದ್ ಹಿಡಿ ಕೊಯ್ಕಂಡ್ ಬಾರೆ.” ಯಾರ ಗದ್ದೆಯದು ಎಂದು ಅವಳು ಹೇಳುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ನಮ್ಮ ಕೋಲಿನಲ್ಲಿ ಬಲಿತಿದ್ದರೆ ಪಕ್ಕದವರದು, ಅಲ್ಲಿಯೂ ಇಲ್ಲದಿದ್ದರೆ ಆಚೆಯವರದು. ನಮ್ಮ ಕೋಲಿನಿಂದಲೂ ಹಾಗೆಯೇ ಹೋಗುತ್ತಿತ್ತು. ಒಂದು ಹೊತ್ತಿನ ಪಲ್ಯಕ್ಕೆ ಆಗುವಷ್ಟೇ ಕೊಯ್ಯಬೇಕು. ಬೀಜಕ್ಕೆಂದು ಬಟ್ಟೆ ಚೂರು ಕಟ್ಟಿದ ಕೋಡು ಮುಟ್ಟಬಾರದು. ಮತ್ತೆ, ಕೇಳಬಾರದು. ಕೇಳಿ ಕೊಯ್ಯುವವರು ಹೊರಗಿನವರು, ಇಲ್ಲವೇ ಜಗಳವಾಗಿ ಮಾತು ಬಿಟ್ಟವರು.

ಈ ಪದ್ಧತಿ ಗೊತ್ತಿಲ್ಲದೆ ಊರೆಲ್ಲ ನಗುವಂತೆ ಮಾಡಿದವಳು ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದ ಗಿರಿಜೆ. ಅಂಕೋಲೆಯ ಪೇಟೆ ಬದಿಯ ಹುಡುಗಿ. ಬಂದ ವಾರದಲ್ಲೇ ಹಾಳಿಯ ಮೇಲೆ ನಿಂತು, ತಲೆ ತಗ್ಗಿಸಿ, ಆಯಿಯ ಹತ್ತಿರ “ಅಕ್ಕಾ, ಸ್ವಲ್ಪ ಅಲಸಂದೆ ಕೊಯ್ಕಳ್ಳಲೆ?” ಎಂದಿದ್ದಳಂತೆ. ಅವಳ ಅತ್ತೆ ಅದನ್ನು ಕೇಳಿಸಿಕೊಂಡು, “ಮನೆ ಮರ್ಯಾದೆ ಕಳೀತು” ಎಂದು ಎರಡು ದಿನ ಬೈದಳು. ಆಯಿಯೇ ಹೋಗಿ ಗಿರಿಜೆಯ ಕೈ ಹಿಡಿದು ಗದ್ದೆಗೆ ಕರೆತಂದು, ಕೋಲಿನ ಮುಂದೆ ನಿಲ್ಲಿಸಿ, “ಇದು ನಿಂದೇ. ಕೊಯ್ಯೆ. ಬಾಯಿ ತೆಗೀಬೇಡ” ಎಂದಳು. ಅಂದಿನಿಂದ ಅವಳು ನನಗೆ ಗಿರಿಜಚಿಕ್ಕಿ, ಅವಳಿಗೆ ಆಯಿ ದೇವಕ್ಕ. ಆಯಿಗೆ ತಂಗಿಯರಿರಲಿಲ್ಲ, ಇದ್ದಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿದ್ದಳೆಂದು ನನಗೆ ಅನ್ನಿಸುವುದಿಲ್ಲ. ಇಬ್ಬರೂ ಒಟ್ಟಿಗೆ ನಾಟಿಗೆ ಹೋಗುತ್ತಿದ್ದರು, ಒಟ್ಟಿಗೆ ಮೀನು ಪೇಟೆಗೆ ಹೋಗುತ್ತಿದ್ದರು, ಅವರವರ ಅತ್ತೆಯರನ್ನು ಒಟ್ಟಿಗೇ ಬೈಯುತ್ತಿದ್ದರು.

ಪಲ್ಯದ ಮಾತು ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗಲಾರೆ. ಅಲಸಂದೆಗೆ ಕತ್ತಿ ತಾಗಿಸಬಾರದು. ಬೆರಳಲ್ಲಿ ಮುರಿಯಬೇಕು. ಎಳೆಯದಾದರೆ ಚಟ್ಟೆಂದು ಮುರಿಯುತ್ತದೆ. ಬಲಿತದ್ದು ಬಗ್ಗುತ್ತದೆ, ಅದನ್ನು ಸುಲಿದು ಕಾಳು ಮಾತ್ರ ಹಾಕಬೇಕು. ಮಡಕೆಯಲ್ಲಿ ಕೊಬ್ಬರಿ ಎಣ್ಣೆ, ಸಾಸಿವೆ, ಒಣಮೆಣಸು. ಅಲಸಂದೆ ಹಾಕಿ ಉಪ್ಪು ಉದುರಿಸಿ, ಮುಚ್ಚಳದ ಮೇಲೆ ನೀರು ಹಾಕಿ ಬೇಯಿಸುವುದು. ಒಳಗೆ ಒಂದು ಹನಿ ನೀರೂ ಹಾಕುವಂತಿಲ್ಲ. ಕೊನೆಗೆ ಕೊತ್ತಂಬರಿ ಬೀಜದ ಜೊತೆ ಒರಟಾಗಿ ಅರೆದ ತೆಂಗಿನಕಾಯಿ. ಮಳೆಗಾಲಕ್ಕೆಂದು ಒಣಗಿಸಿಟ್ಟ ಶೆಟ್ಲಿ ಉಳಿದಿದ್ದರೆ, ಆ ಸಿಗಡಿಯ ತಲೆ ಮುರಿದು, ಹುರಿದು ಮೇಲೆ ಹಾಕಿದಳೆಂದರೆ ಆ ದಿನ ಗಂಜಿ ಮತ್ತೊಂದು ಸೌಟು ಬೇಕಾಗುತ್ತಿತ್ತು. ನನ್ನ ಗಂಡನ ಮನೆಯಲ್ಲಿ ಇದಕ್ಕೆ ಬೆಲ್ಲ ಹಾಕುತ್ತಾರೆ. ಮದುವೆಯಾದ ಹೊಸತರಲ್ಲಿ ತಿಂದು, ಇದು ಪಲ್ಯವೋ ಪಾಯಸವೋ ಎಂದು ತಿಳಿಯದೆ ಎಲೆಯ ಬದಿಗೆ ಸರಿಸಿದ್ದೆ. ಅತ್ತೆ ಅದನ್ನು ಸಾಯುವವರೆಗೆ ಮರೆಯಲಿಲ್ಲ. ನಾನು ಮಾಡಿದ್ದೂ ಆಯಿ ಮಾಡಿದ ಹಾಗೆ ಬರುವುದಿಲ್ಲ, ಆ ಮಾತು ಬೇರೆ. ಮಡಕೆ ಇಲ್ಲ ಎನ್ನುತ್ತೇನೆ, ಗ್ಯಾಸಿನ ಉರಿ ಸರಿಯಿಲ್ಲ ಎನ್ನುತ್ತೇನೆ, ಕಾಯಿ ಹಳೆಯದು ಎನ್ನುತ್ತೇನೆ. ಕೈ ಸರಿಯಿಲ್ಲ ಎಂದು ಒಮ್ಮೆಯೂ ಅಂದವಳಲ್ಲ.

ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ, ನೌಕಾನೆಲೆಗೆಂದು, ಊರು ಎದ್ದಿತು. ಎದ್ದಿತು ಎಂದೇ ನಮ್ಮವರು ಹೇಳುವುದು, ಊರು ತಾನಾಗಿ ಎದ್ದು ಹೋಯಿತೋ ಎಂಬಂತೆ. ಜನ ತೋಡೂರಿನ ಕಾಲೊನಿಗೆ ಬಂದರು. ಅಲ್ಲಿ ಬೇರೆ ಬೇರೆ ಊರಿನವರು ಒಂದೇ ಸಾಲಿನಲ್ಲಿ. ಚೀಟಿ ಎತ್ತಿದಂತೆ ಯಾರ ಪಕ್ಕಕ್ಕೆ ಯಾರೋ ಬಂದರು. ಆಯಿಯ ಅದೃಷ್ಟ ನೋಡಿ: ಗಿರಿಜಚಿಕ್ಕಿಯ ಮನೆ ರಸ್ತೆಯ ಆಚೆ, ಸರಿಯಾಗಿ ಎದುರಿಗೆ ಬಂತು. ಆಯಿ ಅದನ್ನು ದೇವರು ಮಾಡಿದ್ದು ಎಂದಳು. ಈಗ ನನಗೆ ಅನ್ನಿಸುತ್ತದೆ, ದೇವರಿಗೆ ಬೇರೆ ಕೆಲಸವಿರಲಿಲ್ಲ. ಆ ಮನೆ ಕಾಲೊನಿಯ ಇನ್ನೊಂದು ತುದಿಯಲ್ಲಿ ಬಿದ್ದಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದರು.

ಆಯಿ ಊರಿನಿಂದ ಅಲಸಂದೆ ಬೀಜವನ್ನು ಬೂದಿಯಲ್ಲಿ ಕಲಸಿ ಬಾಟ್ಲಿಯಲ್ಲಿ ತಂದಿದ್ದಳು. ಗದ್ದೆ ಎಲ್ಲಿ? ಮನೆಯ ಮುಂದೆ ಒಂದಿಷ್ಟು ಕೆಂಪು ಮಣ್ಣು. ಅದರಲ್ಲೇ ಹಾಕಿದಳು. ಬಂದದ್ದು ಬಂತು. ದನಗಳ ಕಾಟಕ್ಕೆ ನನ್ನ ತಮ್ಮ ಎದೆಮಟ್ಟ ಕಲ್ಲಿನ ಕಂಪೌಂಡು ಕಟ್ಟಿಸಿ ಗೇಟು ಇಟ್ಟು ಅದಕ್ಕೊಂದು ಸರಪಳಿ ಸಿಕ್ಕಿಸಿದ. ಎಲ್ಲರೂ ಕಟ್ಟಿಸಿದರು. ಬಳ್ಳಿ ಗೋಡೆ ಹತ್ತಿ ಆಚೆ ರಸ್ತೆಗೂ ಇಳಿಯಿತು.

ಆಮೇಲೆ ಅಲಸಂದೆ ಕಾಣೆಯಾಗಲು ಶುರುವಾಯಿತು. ಕಾಣೆಯಾಗುವುದು ಎಂದರೆ ಊರಿನಲ್ಲಿ ಆಗುತ್ತಿದ್ದದ್ದೇ, ಆದರೆ ಇಲ್ಲಿ ಕೊಯ್ಯುವವರ ಮುಖ ಗೊತ್ತಿರಲಿಲ್ಲ. ಬೀಜಕ್ಕೆ ಬಟ್ಟೆ ಕಟ್ಟಿದ ಕೋಡನ್ನೂ ಯಾರೋ ಎಳೆದುಕೊಂಡು ಹೋದರು. ಅವರ ಊರಿನಲ್ಲಿ ಬಟ್ಟೆ ಕಟ್ಟುತ್ತಿದ್ದರೋ ಇಲ್ಲವೋ. ಪಕ್ಕದ ಮನೆಯಾಕೆ ತನ್ನ ಬದನೆ ಗಿಡ ಬೋಳಾದದ್ದನ್ನು ಹೇಳಿದಳು. ಆಚೆ ಮನೆಯವನು ಬಾಳೆಗೊನೆ ಹೋದದ್ದು ಹೇಳಿದ. ಕಳ್ಳತನ ಎಂಬ ಮಾತು ಗೇಟಿನಿಂದ ಗೇಟಿಗೆ ಹೋಯಿತು. ಬೆಳಿಗ್ಗೆ ಎದ್ದು ಆಯಿ ಕೋಡುಗಳನ್ನು ನೋಡಿಟ್ಟುಕೊಳ್ಳುವುದು, ಸಂಜೆ ಮತ್ತೆ ನೋಡುವುದು ಕಂಡು ನಾನು ತಮಾಷೆ ಮಾಡಿದ್ದೆ. “ನಿಂಗೆ ಗೊತ್ತಾಗೂದಿಲ್ಲ,” ಎಂದಿದ್ದಳು. “ಇಲ್ಲಿ ಎಂಥೆಂಥವ್ರೋ ಇರ್ತಾರೆ.”

ಆ ಮಧ್ಯಾಹ್ನ ನಾನು ರಜೆ ಹಾಕಿ ತವರಿಗೆ ಬಂದಿದ್ದೆ. ಮುಂದಿನ ಕೋಣೆಯಲ್ಲಿ ಆಯಿ ನನಗೆ ಗಂಜಿ ಬಡಿಸುತ್ತಿದ್ದಳು. ಕಿಟಕಿಯಲ್ಲಿ ಕಂಪೌಂಡಿನ ಮೇಲ್ಭಾಗ ಕಾಣುತ್ತಿತ್ತು. ಆಚೆಯಿಂದ ಒಂದು ಕೈ ಮೇಲೆ ಬಂತು. ದಟ್ಟ ಬಳ್ಳಿಯ ಮರೆಯಲ್ಲಿ ಬೇರೆ ಏನೂ ಕಾಣಲಿಲ್ಲ. ಹಸಿರು ಬಳೆಯ ಕೈ, ಬಳ್ಳಿಯನ್ನು ತಡವಿ ತಡವಿ ಎಳೆಯದನ್ನು ಆರಿಸುತ್ತಿತ್ತು. ಆಯಿ ಸೌಟು ಕೆಳಗಿಟ್ಟಳು.

“ಯಾರದು?” ಎಂದು ಒಂದೇ ಏಟಿಗೆ ಕೂಗಿದಳು. “ಯಾರ ಅಪ್ಪನ ಮನೇದು ಅಂತ ಕೊಯ್ತೀರಿ? ಒಂದ್ ಮಾತು ಕೇಳೂಕಾಗೂದಿಲ್ವ?”

ಕೈ ನಿಂತಿತು. ಆಮೇಲೆ ಅದು ಓಡಲಿಲ್ಲ. ಕೊಯ್ದಿದ್ದ ಕೋಡುಗಳನ್ನು ತಂದು ಗೋಡೆಯ ಮೇಲೆ ಇಟ್ಟಿತು, ಒಂದರ ಪಕ್ಕ ಒಂದು, ತುದಿ ಎಲ್ಲ ಒಂದೇ ಕಡೆ ಬರುವ ಹಾಗೆ. ಆಮೇಲೆ ಕೆಳಗೆ ಹೋಯಿತು. ಆಯಿ ಗೇಟಿನ ಸರಪಳಿ ಬಿಡಿಸಿ ಹೊರಗೆ ಹೋಗುವಷ್ಟರಲ್ಲಿ ಗಿರಿಜಚಿಕ್ಕಿ ಬೆನ್ನು ಹಾಕಿ ರಸ್ತೆ ದಾಟುತ್ತಿದ್ದಳು. ಬೇಗ ಬೇಗ ನಡೆಯಲಿಲ್ಲ. ಮನೆಯೊಳಗೆ ಹೋಗಿ ಬಾಗಿಲನ್ನೂ ಹಾಕಲಿಲ್ಲ.

ನಾನು ಪಟ್ಟು ಹಿಡಿದೆ. ಈಗಲೇ ಹೋಗಿ, ನೀ ಅಂತ ಗೊತ್ತಾಗಲಿಲ್ಲ ಎಂದು ಹೇಳಿ ಬಾ ಎಂದೆ. ಆಯಿ ಗೋಡೆಗೆ ಒರಗಿ ಕೂತಿದ್ದಳು.

“ಎಂತ ಹೇಳೂದೆ? ನೀ ಅಂತ ಗೊತ್ತಾಗ್ಲಿಲ್ಲ ಹೇಳೂದೆ? ಹಂಗಂದ್ರೆ ಬೇರೆಯವ್ರಾಗಿದ್ರೆ ಬೈಯೂದೇ ಸಮ ಅಂತ ಆಯ್ತಲ್ಲೆ. ಊರಲ್ಲಿ ನಂಗೆ ಬೇರೆಯವ್ರು ಅಂತ ಯಾರಿದ್ರು?”

ಸಂಜೆ ನಾನೇ ರಸ್ತೆ ದಾಟಿ ಹೋದೆ. ಗಿರಿಜಚಿಕ್ಕಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಚಹಾ ಮಾಡಿಕೊಟ್ಟಳು, ಮಕ್ಕಳ ಸುದ್ದಿ ಕೇಳಿದಳು. ನಾನು ವಿಷಯ ತೆಗೆದಾಗ ನಕ್ಕಳು ಕೂಡ.

“ದೇವಕ್ಕ ಹೇಳಿದ್ರಲ್ಲಿ ತಪ್ಪೆಂತ ಉಂಟು ಮಗಾ? ಇದು ಊರಲ್ಲ ಅಲ್ದೆ. ಇಲ್ಲಿ ಕೇಳೇ ಕೊಯ್ಬೇಕು. ನಂಗೇ ತಿಳೀಲಿಲ್ಲ.”

ಜಗಳವಾಡಿದ್ದರೆ ನಾಲ್ಕು ದಿನದಲ್ಲಿ ಮುಗಿಯುತ್ತಿತ್ತು. ಬೈದಿದ್ದರೆ ಆಯಿ ಇನ್ನೂ ಗಟ್ಟಿಯಾಗಿ ಬೈದು, ಇಬ್ಬರೂ ಅತ್ತು, ಮರುದಿನ ಮೀನು ಪೇಟೆಗೆ ಹೋಗುತ್ತಿದ್ದರು. ಒಪ್ಪಿಕೊಂಡವಳ ಜೊತೆ ಏನು ಮಾಡುವುದು? ಅವರ ಮಾತು ನಿಲ್ಲಲಿಲ್ಲ. ಮದುವೆಗೆ ಹೋದರು, ಬಂದರು. ಆಯಿಗೆ ಕಾಲು ಮುರಿದಾಗ ಗಿರಿಜಚಿಕ್ಕಿ ದಿನಾ ಬಂದು ಎಣ್ಣೆ ಹಚ್ಚಿದಳು. ನನ್ನ ತಮ್ಮನ ಮದುವೆಯಲ್ಲಿ ರುಬ್ಬುವ ಕಲ್ಲಿನ ಹತ್ತಿರ ಕೂತವಳು ಏಳಲಿಲ್ಲ. ಅಲಸಂದೆ ಮಾತ್ರ ಮುಟ್ಟಲಿಲ್ಲ. ನಾವೇ ಕೊಯ್ದು ಕೊಟ್ಟರೆ, “ನಿನ್ನೆಯಷ್ಟೇ ತಂದಿದ್ದೆ ಮಗಾ, ಹಾಳಾಗ್ತು” ಎಂದು ವಾಪಸು ಕೊಡುತ್ತಿದ್ದಳು. ಎಷ್ಟೋ ಸಲ ಕಾರವಾರದ ಭಾನುವಾರದ ಸಂತೆಯಿಂದ ಬರುವಾಗ ಅವಳ ತೆಳ್ಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಅಂಕೋಲೆಯ ಹೆಂಗಸರು ಮಾರುವ ಅಲಸಂದೆ ಕಟ್ಟು ಕಾಣುತ್ತಿತ್ತು. ನಮ್ಮ ಗೋಡೆಯ ಮೇಲೆ ಜೋತಾಡುವ ಕೋಡುಗಳ ಪಕ್ಕದಲ್ಲೇ ನಡೆದು ಅದನ್ನು ಮನೆಗೆ ಒಯ್ಯುತ್ತಿದ್ದಳು.

ಮರುವರ್ಷದಿಂದ ಆಯಿಯ ಬಳ್ಳಿ ನಡೆಯಲು ಶುರುಮಾಡಿತು. ನಂಬುತ್ತೀರೋ ಇಲ್ಲವೋ. ಮೊದಲು ಬೀಜ ಹಾಕುತ್ತಿದ್ದದ್ದು ಮುಂದಿನ ಕೋಣೆಯ ಎದುರಿನ ಗೋಡೆಗೆ. ಅಲ್ಲಿಂದ ಗೇಟಿನ ಪಕ್ಕಕ್ಕೆ ಬಂತು, ಗೇಟಿನ ಸರಪಳಿ ತೆಗೆದೊಗೆದಳು. ದನ ನುಗ್ಗಿ ಎಲ್ಲ ಮೇಯ್ದವು. ತಮ್ಮ ಕೂಗಾಡಿದ. ಮುಂದಿನ ಸಲ ಗೇಟಿನ ಹೊರಗೆ, ರಸ್ತೆಯ ಈಚೆ ಬದಿಗೆ ಕೋಲು ಊರಿದಳು. ಯಾವುದೋ ಟೆಂಪೋ ಹಿಂದೆ ಬರುವಾಗ ಕೋಲುಗಳನ್ನೆಲ್ಲ ಮುರಿದು ಹಾಕಿತು. ಮತ್ತೊಂದು ವರ್ಷ ಚರಂಡಿ ಹೂಳೆತ್ತುವವರು ಬುಡವನ್ನೇ ಕೊಚ್ಚಿದರು. ಆಯಿ ಅವರಿಗೆ ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆದರೂ ಬೀಜ ತಪ್ಪಲಿಲ್ಲ. ಕಡೆಗೆ ಬಳ್ಳಿ ರಸ್ತೆ ದಾಟಿ, ಗಿರಿಜಚಿಕ್ಕಿಯ ಮನೆಯ ಕಂಪೌಂಡಿನ ಹೊರಮೈಗೆ, ಚರಂಡಿಯ ಅಂಚಿಗೆ ಬಂದು ನಿಂತಿತು. ಬಾಗಿಲು ತೆಗೆದರೆ ಅವಳ ಕೈಗೇ ಸಿಗಬೇಕು, ಅಷ್ಟು ಹತ್ತಿರ. ಎಂಬತ್ತರ ಹತ್ತಿರದ ಮುದುಕಿ ಬೆಳಿಗ್ಗೆ ಸಂಜೆ ಬಕೆಟ್ಟು ಹಿಡಿದು ರಸ್ತೆ ದಾಟಿ ಇನ್ನೊಬ್ಬರ ಮನೆಯ ಗೋಡೆಗೆ ನೀರು ಹಾಕುವುದನ್ನು ಕಂಡು ಕಾಲೊನಿಯ ಹೊಸ ಸೊಸೆಯಂದಿರು ಅಜ್ಜಿಗೆ ಅರಳುಮರಳು ಎಂದುಕೊಂಡರು.

ಬಸ್ಸಿಗೆ ಕಾಯುವವರು ಕೊಯ್ದರು, ಶಾಲೆಯ ಮಕ್ಕಳು ಕೊಯ್ದರು, ಮೀನು ಮಾರುವವಳು ಬುಟ್ಟಿ ಕೆಳಗಿಟ್ಟು ಕೊಯ್ದಳು. ಒಬ್ಬರೂ ಕೇಳಲಿಲ್ಲ. ಹಿಂದೆ ಕಳ್ಳರನ್ನು ಕಾಯುತ್ತಿದ್ದ ಆಯಿ ಅದೇ ಕಿಟಕಿಯಲ್ಲಿ ಕೂತು ಇದನ್ನೆಲ್ಲ ನೋಡಿಯೂ ಯಾರನ್ನೂ ಬೈಯಲಿಲ್ಲ. ಉಳಿದ ಕೋಡು ಬಳ್ಳಿಯಲ್ಲೇ ಒಣಗಿ ಬಿಸಿಲಿಗೆ ಸಿಡಿಯುತ್ತಿದ್ದವು. ಗಿರಿಜಚಿಕ್ಕಿ ಜಗಲಿಯಲ್ಲಿ ಕೂತು ಸಂತೆಯ ಅಲಸಂದೆ ಮುರಿಯುತ್ತಿದ್ದಳು.

ನನಗೆ ಗಿರಿಜಚಿಕ್ಕಿಯ ಮೇಲೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಮನೆ ಹೋಗಿ, ಗದ್ದೆ ಹೋಗಿ, ಸಮುದ್ರ ಹೋದದ್ದನ್ನು ನುಂಗಿಕೊಂಡವಳಿಗೆ ಒಂದು ಬೈಗುಳ ನುಂಗಲು ಆಗಲಿಲ್ಲವೆ? ಆಯಿಯ ಮೇಲೂ ಸಿಟ್ಟು. ನೇರ ಹೋಗಿ ಕಾಲು ಹಿಡಿದಿದ್ದರೆ ಏನು ಹೋಗುತ್ತಿತ್ತು? ಅಲಸಂದೆಗಾಗಿ ಇಷ್ಟೆಲ್ಲವೆ ಎಂದು ತಮ್ಮನ ಹೆಂಡತಿ ಕೇಳುತ್ತಿದ್ದಳು. ಅವಳು ಕಾಲೊನಿಗೇ ಸೊಸೆಯಾಗಿ ಬಂದವಳು, ಊರು ಕಂಡವಳಲ್ಲ. ಊರಿನಿಂದ ನಾವು ತಂದ ಕಪಾಟು ತುಕ್ಕು ಹಿಡಿಯಿತು, ಹಂಚು ಒಡೆಯಿತು. ಒಡೆಯದೆ ಬಂದದ್ದು ಈ ಇಬ್ಬರು ಹೆಂಗಸರ ನಡುವೆ ಇದ್ದದ್ದು ಒಂದೇ. ಅದನ್ನು ಯಾವ ಯೋಜನೆಯೂ ಮುಟ್ಟಿರಲಿಲ್ಲ. ಆಯಿ ತನ್ನ ಬಾಯಿಂದಲೇ ಒಡೆದಳು. ಗಿರಿಜಚಿಕ್ಕಿ ಒಮ್ಮೆ, ಒಮ್ಮೆಯಾದರೂ, ಕೇಳದೆ ಬಂದು ಒಂದು ಹಿಡಿ ಕೊಯ್ದರೆ ಸಾಕು ಎಂದು ಮುದುಕಿ ವರ್ಷ ವರ್ಷ ಬೀಜ ಊರುತ್ತಿದ್ದಳು. ಇಷ್ಟು ಬಿಟ್ಟರೆ ಅವಳಿಗೆ ಬೇರೆ ಆಸೆ ಇದ್ದದ್ದು ನಾನು ಕಾಣೆ.

ಹೋದ ಮಾಘದಲ್ಲಿ ಗಿರಿಜಚಿಕ್ಕಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಬರುವ ಜ್ವರ, ನಾಲಿಗೆಗೆ ಏನೂ ರುಚಿಸುತ್ತಿರಲಿಲ್ಲವಂತೆ. ಒಂದು ಭಾನುವಾರ ನಾನು ತೋಡೂರಿಗೆ ಹೋಗಿದ್ದೆ. ಬಿಸಿಲೇರುವ ಹೊತ್ತು. ಆಯಿ ಬಳ್ಳಿಗೆ ನೀರು ಹಾಕಿ, ರಸ್ತೆಯ ಆಚೆಯೇ ಖಾಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತು ಅವಳಿಗೆ ಕೊಡೆ ಹಿಡಿದಿದ್ದೆ. ಗಿರಿಜಚಿಕ್ಕಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದಳು. ತುಂಬಾ ಇಳಿದುಹೋಗಿದ್ದಳು. ಬಳ್ಳಿಯ ಹತ್ತಿರ ಬಂದು ನಿಂತಳು. ಕೈಗೆ ತಾಗುವಷ್ಟು ಹತ್ತಿರ ಎಳೆಯ ಕೋಡುಗಳಿದ್ದವು. ಆಯಿ ನೋಡದವಳ ಹಾಗೆ ರಸ್ತೆಯ ಕಡೆ ತಿರುಗಿದಳು.

“ದೇವಕ್ಕಾ,” ಎಂದಳು ಗಿರಿಜಚಿಕ್ಕಿ. “ಒಂದ್ ಹಿಡಿ ಕೊಯ್ಕಳ್ಳಲೆ?”

ನನಗೆ ಕುಣಿಯುವಷ್ಟು ಸಂತೋಷವಾಯಿತು. ಮುಗಿಯಿತು, ಇನ್ನು ಎಲ್ಲ ಸರಿಯಾಯಿತು ಎಂದುಕೊಂಡೆ. ಓದಿ ನೌಕರಿ ಮಾಡಿದವರ ಬುದ್ಧಿ ಇಷ್ಟೇ. ಆಯಿಯ ಮುಖ ನೋಡಿದ ಮೇಲೆ, ಊರಿನಲ್ಲಿ ಕೇಳಿ ಕೊಯ್ಯುವವರು ಯಾರೆಂಬುದು ನೆನಪಾಗಿ, ನನ್ನ ಸಂತೋಷ ಇಳಿಯಿತು.

“ಕೊಯ್ಕಾ,” ಎಂದಳು ಆಯಿ.

ಗಿರಿಜಚಿಕ್ಕಿ ಕೊಯ್ದಳು. ಊರಿನಲ್ಲಿ ಹೇಗೆ ಕೊಯ್ಯುತ್ತಿದ್ದಳೋ ಹಾಗೆಯೇ, ಬಳ್ಳಿಯನ್ನು ಒಂದು ಕೈಯಲ್ಲಿ ಹಿಡಿದು, ತೊಟ್ಟಿಗೆ ನೋವಾಗದ ಹಾಗೆ. ಆಮೇಲೆ ಹಿಡಿಯನ್ನು ಆಯಿಯ ಮುಂದೆ ತಂದು ಎತ್ತಿ ತೋರಿಸಿದಳು.

“ಇಷ್ಟೇ ತಕಂಡೆ, ನೋಡು.”

ಆಯಿ ನೋಡಲಿಲ್ಲ. “ಹೂಂ” ಎಂದಳು. ಗಿರಿಜಚಿಕ್ಕಿ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಸಂಜೆ ದೀಪ ಹಚ್ಚುವ ಮೊದಲು ಅವಳು ರಸ್ತೆ ದಾಟಿ ನಮ್ಮ ಗೇಟಿನವರೆಗೆ ಬಂದು ಒಂದು ಸುಲಿದ ತೆಂಗಿನಕಾಯಿ ಕೊಟ್ಟು ಹೋದಳು. “ಪಲ್ಯ ಚಲೋ ಆಗಿತ್ತು. ಬಾಯಿಗೆ ರುಚಿ ಬಂತು,” ಎಂದಳು. ಒಳಗೆ ಬಾ ಎಂದರೆ, ಆಯಾಸ ಎಂದಳು. ಊರಿನಲ್ಲಿ ಯಾರಾದರೂ ಒಂದು ಹಿಡಿ ಅಲಸಂದೆಗೆ ತೆಂಗಿನಕಾಯಿ ವಾಪಸು ಕೊಟ್ಟದ್ದನ್ನು ನಾನು ಕಂಡಿಲ್ಲ. ಆಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಒಡೆದಳು, ತುರಿದಳು. ರಾತ್ರಿ ಅದನ್ನೇ ಹಾಕಿ ನಮಗೆ ಮೀನು ಸಾರು ಮಾಡಿದಳು. ತಾನು ಮಜ್ಜಿಗೆ ಕಲಸಿಕೊಂಡು ಉಂಡಳು.

ಬೆಳಿಗ್ಗೆ ನಾನು ಬಸ್ಸಿಗೆಂದು ಹೊರಟಾಗ ಆಯಿ ರಸ್ತೆಯ ಆಚೆ ಇದ್ದಳು. ಬಕೆಟ್ಟು ಇರಲಿಲ್ಲ. ಕೋಲಿನ ಕಟ್ಟುಗಳನ್ನು ಹಲ್ಲಿನಿಂದ ಕಚ್ಚಿ ಬಿಡಿಸುತ್ತಿದ್ದಳು. ಬಿಡಿಸಿದ ಬಳ್ಳಿಯನ್ನು ಬುಡಸಮೇತ ಎಳೆದು ಚರಂಡಿಗೆ ಹಾಕುತ್ತಿದ್ದಳು. ಬಳ್ಳಿಯಲ್ಲಿ ಇನ್ನೂ ಹೂವಿತ್ತು, ಬೆರಳುದ್ದದ ಎಳೆ ಕೋಡುಗಳೂ ಇದ್ದವು. ನಾನು ಕೈ ಹಿಡಿದೆ. ಅವಳು ಬಿಡಿಸಿಕೊಂಡಳು.

ಗಿರಿಜಚಿಕ್ಕಿ ತನ್ನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲ ಅವಳ ಕಣ್ಣೆದುರಿಗೇ ನಡೆಯುತ್ತಿತ್ತು. ಹೂವಿದ್ದ ಬಳ್ಳಿಯನ್ನು ಯಾಕೆ ಕೀಳುತ್ತಿದ್ದೀಯ ಎಂದು ಅವಳು ಕೇಳಲಿಲ್ಲ.